ಸುರಿಯುವ ಮೂಗುಗಳ ಕಾವಲುಗಾರ್ತಿ

ಕುಲ್ಸುಂಳ ಮೂಗಿಗೆ ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಕನ್ನಡದ ತಾಯಂದಿರು ಹೆದರುತ್ತಿದ್ದರು. ಅವಳ ಕಣ್ಣಿಗಲ್ಲ, ಬಾಯಿಗೂ ಅಲ್ಲ, ಮೂಗಿಗೆ. ಡಾಗಿಸ್ ಎಂದರೆ ಇಲ್ಲಿ ಶಾಲೆಗೆ ಹೋಗುವಷ್ಟು ದೊಡ್ಡವರಾಗದ ಮಕ್ಕಳನ್ನು ಹಗಲು ಬಿಟ್ಟುಹೋಗುವ ಜಾಗ. ಬೆಳಗ್ಗೆ ಆರೂವರೆಗೆ ಅದರ ಗೇಟಿನಲ್ಲಿ ಹಳದಿ ಜಾಕೆಟ್ ತೊಟ್ಟು ನಿಂತಿರುತ್ತಿದ್ದ ಈ ಐವತ್ನಾಲ್ಕರ ಹೆಂಗಸು ಮಗುವಿನ ಟೊಪ್ಪಿಗೆ ಸರಿಮಾಡುವ ನೆಪದಲ್ಲಿ ಬಗ್ಗಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಆ ಮನೆಯಲ್ಲಿ ಏನು ನಡೆದಿದೆ ಎಂಬುದು ತಿಳಿದುಹೋಗುತ್ತಿತ್ತು. ನೀಲಗಿರಿ ಎಣ್ಣೆ ಹಚ್ಚಿದ್ದಾರೆಯೇ, ಎದೆಗೆ ಮುಲಾಮು ತಿಕ್ಕಿದ್ದಾರೆಯೇ, ಜ್ವರದ ಸಿರಪ್ಪಿನ ಸಿಹಿ ವಾಸನೆ ಬಾಯಲ್ಲಿ ಉಳಿದಿದೆಯೇ. ಸ್ವೀಡಿಷ್ ಸಹೋದ್ಯೋಗಿಗಳಿಗೆ ಸುರಿಯುವ ಮೂಗು ಕಂಡರೆ ಮಾತ್ರ ಗೊತ್ತಾಗುತ್ತಿತ್ತು. ಒರೆಸಿ ಕಳಿಸಿದ ಮೂಗನ್ನು ಹಿಡಿಯುವವಳು ಕುಲ್ಸುಂ ಒಬ್ಬಳೇ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ರೋಗ ಬಂದು ದೇಶದೇಶಗಳು ಬೀಗ ಹಾಕಿಕೊಂಡಾಗ ಸ್ವೀಡನ್ ಹಾಕಿಕೊಳ್ಳಲಿಲ್ಲ. ಇಲ್ಲಿಯ ಸರ್ಕಾರ ಹೆಚ್ಚಾಗಿ ಕೊಡುವುದು ಸಲಹೆ. ಆಗುವವರು ಮನೆಯಿಂದಲೇ ಕೆಲಸ ಮಾಡಿ, ದೂರ ದೂರ ನಿಲ್ಲಿ, ಕೈ ತೊಳೆಯಿರಿ. ಐವತ್ತಕ್ಕಿಂತ ಹೆಚ್ಚು ಜನ ಒಂದೆಡೆ ಸೇರಬಾರದೆಂದು ಮಾರ್ಚ್ ಕೊನೆಗೆ ಕಟ್ಟಳೆ ಮಾಡಿದರು, ನವೆಂಬರಿನಲ್ಲಿ ಅದನ್ನು ಎಂಟಕ್ಕೆ ಇಳಿಸಿದರು. ಡಾಗಿಸ್ ಮಾತ್ರ ಮುಚ್ಚಲಿಲ್ಲ. ಮುಚ್ಚಿದರೆ ದಾದಿಯರು, ಬಸ್ಸು ಓಡಿಸುವವರು ಕೆಲಸಕ್ಕೆ ಹೋಗುವುದು ಹೇಗೆ? ಅದಕ್ಕೆ ಎರಡು ನಿಯಮ ಬಂದವು. ತಂದೆತಾಯಿ ಗೇಟು ದಾಟಬಾರದು. ಮಗುವಿಗೆ ನೆಗಡಿ ಕೆಮ್ಮಿನ ಲಕ್ಷಣ ತುಸುವೇ ಇದ್ದರೂ ಮನೆಗೆ ವಾಪಸು, ಪೂರ್ತಿ ಗುಣವಾಗಿ ಎರಡು ದಿನ ಕಳೆದ ಮೇಲೆಯೇ ಮತ್ತೆ ಬರಬೇಕು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮೂಗು ಸುರಿಯದ ಮಗು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ನಿಯಮ ಬರೆದವರ ಮನೆಯಲ್ಲಿ ಮಕ್ಕಳಿರಲಿಲ್ಲವೋ ಏನೋ.

ಹಾವೇರಿಯಿಂದ ಅವಳ ತಂಗಿ ಫೋನ್ ಮಾಡಿ, ಇಲ್ಲಿ ಪೊಲೀಸರು ಹೊರಗೆ ಕಂಡವರಿಗೆಲ್ಲ ಲಾಠಿ ಬೀಸುತ್ತಿದ್ದಾರೆ, ನಿಮ್ಮಲ್ಲಿ ಬಂದ್ ಎಂಬುದೇ ಇಲ್ಲವಂತಲ್ಲ, ನೀವು ಪುಣ್ಯವಂತರು ಎಂದಳು. ಕುಲ್ಸುಂ ಫೋನ್ ಇಟ್ಟು ಯೋಚಿಸಿದಳು. ಲಾಠಿ ಬೀಸುವ ಸರ್ಕಾರವಾದರೆ ಬಯ್ದುಕೊಂಡಾದರೂ ಮನೆಯಲ್ಲಿ ಕೂರಬಹುದು. ದಯವಿಟ್ಟು ಯೋಚಿಸಿ ನಡೆದುಕೊಳ್ಳಿ ಎನ್ನುವ ಸರ್ಕಾರವನ್ನು ಏನೆಂದು ಬಯ್ಯುವುದು? ಯೋಚಿಸುವ ಕೆಲಸವೆಲ್ಲ ನಮ್ಮ ತಲೆಗೇ ಬಂತು. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಲೇ ಎಂದು ಅವಳು ಡಾಗಿಸ್‌ನ ಮುಖ್ಯಸ್ಥೆಯನ್ನು ಕೇಳಿದಳು. ಆಕೆ ಬಹಳ ನಯವಾಗಿ, ಮಕ್ಕಳಿಗೆ ನಮ್ಮ ಮುಖ ಕಾಣಬೇಕು, ಇಲಾಖೆಯೂ ಅದನ್ನು ಸೂಚಿಸಿಲ್ಲ ಎಂದು ಹೇಳಿ ಕಾಫಿ ಬಗ್ಗಿಸಿಕೊಟ್ಟಳು. ಇಲ್ಲಿ ಇಲ್ಲ ಎನ್ನುವುದನ್ನೂ ಕಾಫಿ ಕೊಟ್ಟೇ ಹೇಳುತ್ತಾರೆ.

ಕುಲ್ಸುಂ ಹಾವೇರಿಯಲ್ಲಿ ಹನ್ನೆರಡು ವರ್ಷ ಪ್ರಾಥಮಿಕ ಶಾಲೆಯ ಕನ್ನಡ ಟೀಚರ್ ಆಗಿದ್ದವಳು. ಗಂಡ ಹಮೀದ್ ಯಂತ್ರಗಳ ನಕ್ಷೆ ಬರೆಯುವ ಎಂಜಿನಿಯರು. ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿದಾಗ ಅವಳು ಚಾಕ್‌ಪೀಸು ಕೆಳಗಿಟ್ಟು ಬಂದಳು. ಬಂದ ಮೊದಲ ಎರಡು ವರ್ಷ ಸ್ವೀಡಿಷ್ ಕಲಿತಳು, ಮತ್ತೊಂದು ವರ್ಷ ಮಕ್ಕಳನ್ನು ನೋಡಿಕೊಳ್ಳುವ ಓದು ಓದಿದಳು. ನಲವತ್ತು ವರ್ಷ ದಾಟಿದವಳು ಹದಿನೆಂಟರ ಹುಡುಗಿಯರ ಜೊತೆ ಕೂತು ಡೈಪರ್ ಬದಲಿಸುವ ಪರೀಕ್ಷೆ ಬರೆದದ್ದನ್ನು ತಾನೇ ಹೇಳಿಕೊಂಡು ನಗುತ್ತಿದ್ದಳು. ಮನೆಯಲ್ಲಿ ಗಂಡಹೆಂಡಿರ ಮಾತು ಉರ್ದುವಿನಲ್ಲಿ. ಜಗಳ ಮಾತ್ರ ಹಾವೇರಿಯ ಕನ್ನಡದಲ್ಲಿ, ಏಕೆಂದರೆ ಬಯ್ಯುವುದನ್ನು ಅವಳು ಕಲಿತದ್ದು ತರಗತಿಯಲ್ಲಿ. ಕನ್ನಡ ಬಳಗದ ಊಟಗಳಲ್ಲಿ ಇಬ್ಬರೂ ನಾಲಿಗೆಗೆ ಇಸ್ತ್ರಿ ಹಾಕಿಕೊಂಡು ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದರು.

ಹಮೀದ್‌ಗೆ ಅರವತ್ತೊಂದು. ಹೃದಯದಲ್ಲಿ ಎರಡು ಸ್ಟೆಂಟು, ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ಈ ರೋಗ ಬಂದರೆ ನಿಮಗೆ ತಡೆಯುವುದು ಕಷ್ಟ ಎಂದು ಡಾಕ್ಟರ್ ಬಿಡಿಸಿ ಹೇಳಿ ಮನೆಯಲ್ಲಿರಲು ಚೀಟಿ ಬರೆದುಕೊಟ್ಟರು. ಚೀಟಿ ಅವನಿಗೆ ಮಾತ್ರ. ಅವನೊಂದಿಗೆ ಬದುಕುವ ಹೆಂಡತಿ ಹದಿನೆಂಟು ಮಕ್ಕಳ ಸಿಂಬಳ ಒರೆಸಿ ಸಂಜೆ ಅದೇ ಮನೆಗೆ ಬರಬೇಕು. ಅವಳಿಗೂ ರಜೆ ಸಿಗುವುದೇ ಎಂದು ವಿಚಾರಿಸಿದರೆ ಅಂಥ ವ್ಯವಸ್ಥೆ ಸದ್ಯಕ್ಕಿಲ್ಲ ಎಂದರು.

ಆಗ ಕುಲ್ಸುಂ ತನ್ನದೇ ಕಾನೂನು ತಂದಳು. ಹಮೀದ್‌ಗೆ ಮಲಗುವ ಕೋಣೆ, ತನಗೆ ಹೊರಗಿನ ಹಾಲ್‌ನ ಸೋಫಾ. ಕೆಲಸದಿಂದ ಬಂದವಳು ಬಾಲ್ಕನಿಯಲ್ಲಿ ಬಟ್ಟೆ ಬಿಚ್ಚಿ ಚೀಲಕ್ಕೆ ತುಂಬಿ, ಸ್ನಾನ ಮಾಡಿ, ಮಾಸ್ಕ್ ಹಾಕಿಕೊಂಡು ಅಡುಗೆಗೆ ನಿಲ್ಲುವಳು. ತಟ್ಟೆಯನ್ನು ಕೋಣೆಯ ಬಾಗಿಲಿನ ಬಳಿ ಇಟ್ಟು ತಟ್ಟಿ ಸರಿದು ನಿಲ್ಲುವಳು. ಅವನು ಬೆರಳಿಗೆ ಸಿಕ್ಕಿಸುವ ಮಾಪಕ ನೋಡಿ ಆಮ್ಲಜನಕ ಎಷ್ಟು, ಹನಿ ರಕ್ತ ಪರೀಕ್ಷಿಸಿ ಸಕ್ಕರೆ ಎಷ್ಟು, ಜ್ವರ ಎಷ್ಟು ಎಂದು ಒಳಗಿನಿಂದ ಹೇಳಬೇಕು. ಅವಳು ಹೊರಗಿನಿಂದ ಬರೆದುಕೊಳ್ಳಬೇಕು. ದೂರದ ಕಿಸ್ಟಾ ಬಡಾವಣೆಯಲ್ಲಿ ಕೆಲಸಕ್ಕಿರುವ ಮಗಳು ರೂಹಿ ಬಂದರೆ ಬಾಲ್ಕನಿಯ ಕೆಳಗೆ ನಿಂತು ಕೈಬೀಸಿ ಹೋಗಬೇಕು. ಹಮೀದ್ ಫೋನಿನಲ್ಲಿ ಗೆಳೆಯರಿಗೆ, ಸ್ವೀಡನ್ ಸರ್ಕಾರದ್ದು ಸಲಹೆ, ನಮ್ಮ ಮನೆ ಸರ್ಕಾರದ್ದು ಕರ್ಫ್ಯೂ ಎನ್ನುತ್ತಿದ್ದ. ಮೊದಮೊದಲು ಅವಳೂ ನಕ್ಕಳು. ಆಗಸ್ಟಿನ ಹೊತ್ತಿಗೆ ಅವನು ಅದನ್ನು ಹೇಳುವುದು ಬಿಟ್ಟಿದ್ದ, ಬಿಟ್ಟದ್ದು ಅವಳ ಗಮನಕ್ಕೆ ಬರಲಿಲ್ಲ.

ಗೇಟಿನಲ್ಲಿ ಅವಳಷ್ಟು ಕಟ್ಟುನಿಟ್ಟು ಯಾರೂ ಇರದಿದ್ದುದು ಇದಕ್ಕೇ. ಉಳಿದವರಿಗೆ ಅದು ನಿಯಮ, ಅವಳಿಗೆ ಹಮೀದ್‌ನ ಜೀವ. ಒಂದೊಂದು ಮೂಗಿನಿಂದಲೂ ತನ್ನ ಮನೆಯ ಮಲಗುವ ಕೋಣೆಗೆ ನೇರ ದಾರಿಯಿದೆ ಎಂದು ಅವಳಿಗೆ ಕಾಣುತ್ತಿತ್ತು.

ದೀಪ್ತಿಯ ಮಗಳು ನೈನಾಳ ಮೂಗು ಎಲ್ಲಕ್ಕಿಂತ ಹೆಚ್ಚು ಸುರಿಯುವ ಮೂಗಾಗಿತ್ತು. ದೀಪ್ತಿ ಬೆಂಗಳೂರಿನ ಬಸವೇಶ್ವರನಗರದವಳು. ಇಲ್ಲಿಯ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ, ಗುತ್ತಿಗೆಯ ಮೇಲೆ. ಯಂತ್ರದ ಮುಂದೆ ನಿಂತು ಮಾಡುವ ಕೆಲಸವಾದ್ದರಿಂದ ಮನೆಯಿಂದ ಆಗುವಂಥದ್ದಲ್ಲ. ಗಂಡ ಸುಹಾಸ್ ಫೆಬ್ರವರಿಯಲ್ಲಿ ತಂದೆಯ ಆಪರೇಷನ್ನಿಗೆಂದು ಊರಿಗೆ ಹೋದವನು ವಿಮಾನ ನಿಂತು ಅಲ್ಲೇ ಉಳಿದ. ವಿಮಾನ ಶುರುವಾಗುವಷ್ಟರಲ್ಲಿ ಅವನ ವಾಸದ ಪರವಾನಗಿಯ ಅವಧಿ ಮುಗಿದು, ಹೊಸದು ಯಾವುದೋ ಕಚೇರಿಯ ಮೇಜಿನ ಮೇಲೆ ಕೂತಿತ್ತು. ಹೀಗಾಗಿ ಮೂರು ವರ್ಷದ ಮಗುವನ್ನು ಕಟ್ಟಿಕೊಂಡು ದೀಪ್ತಿ ಒಬ್ಬಳೇ.

ಮಗುವಿಗೆ ಹುಷಾರಿಲ್ಲದಿದ್ದರೆ ತಾಯಿಯೋ ತಂದೆಯೋ ಸಂಬಳದ ಬಹುಪಾಲು ಪಡೆದುಕೊಂಡೇ ಮನೆಯಲ್ಲಿ ಉಳಿಯಬಹುದಾದ ರಜೆ ಇಲ್ಲಿದೆ. ಅದಕ್ಕೆ ವಾಬ್ ಎನ್ನುತ್ತಾರೆ. ಸ್ವೀಡಿಷರು ಫೆಬ್ರವರಿಯನ್ನೇ ವಾಬ್ರವರಿ ಎಂದು ತಮಾಷೆ ಮಾಡುತ್ತಾರೆ, ಅಷ್ಟು ಸಾಮಾನ್ಯ. ಆದರೆ ಕೆಲಸದ ಪರವಾನಗಿಯ ಮೇಲೆ ಬಂದಿರುವ ನಮ್ಮವರ ಭಯವೇ ಬೇರೆ. ಸಂಬಳದಲ್ಲಿ ಒಂದು ತಿಂಗಳು ಏರುಪೇರಾದರೂ ಪರವಾನಗಿ ನವೀಕರಿಸುವಾಗ ಎತ್ತಿ ಹೊರಗೆ ಹಾಕುತ್ತಾರೆ ಎಂದು ವಾಟ್ಸಪ್ ಗುಂಪಿನಲ್ಲಿ ಕರಣ್ ಎಂಬುವನು ಬರೆದಿದ್ದ. ಅವನಿಗೆ ಅದನ್ನು ಯಾರೋ ಹೇಳಿದ್ದರು, ಅವರಿಗೆ ಇನ್ಯಾರೋ. ಗಾಳಿಮಾತಿಗೆ ಕಾಲಿಲ್ಲದಿದ್ದರೂ ಅದು ಎಲ್ಲರ ಮನೆಗೂ ನಡೆದುಹೋಗುತ್ತದೆ. ಕಾರ್ಖಾನೆಯ ಕಚೇರಿಯಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ಆದರೆ ಕೇಳಿದರೆ ಅದೇ ದಾಖಲೆಯಾಗಿಬಿಟ್ಟರೆ ಎಂದು ಕೇಳುವುದಕ್ಕೂ ದೀಪ್ತಿಗೆ ಹೆದರಿಕೆ. ಹೋದ ವರ್ಷದ ಚಳಿಗಾಲದಲ್ಲೇ ಅವಳು ಸಾಕಷ್ಟು ವಾಬ್ ಮಾಡಿ ಮುಗಿಸಿದ್ದಳು. ಮುಂದಿನ ಜೂನ್‌ನಲ್ಲಿ ಅವಳ ಪರವಾನಗಿಯ ನವೀಕರಣ ಬರಲಿತ್ತು.

ಅಕ್ಟೋಬರಿನ ಒಂದು ಬೆಳಗ್ಗೆ ನೈನಾ ದಪ್ಪ ಹೊದಿಕೆಯ ಬಟ್ಟೆಯೊಳಗೆ ಕೆಂಪಗೆ ಉಬ್ಬಿಕೊಂಡು ಗೇಟಿಗೆ ಬಂದಳು. ಮೂಗು ಒಣಗಿತ್ತು. ಕುಲ್ಸುಂ ಬಗ್ಗಿದಳು. ಹುರಿದ ಓಮಕಾಳಿನ ವಾಸನೆ. ಜಿಪ್ ಅರ್ಧ ಇಳಿಸಿ ನೋಡಿದರೆ ಮಗುವಿನ ಬನಿಯನ್ನಿಗೆ ಪಿನ್ನು ಚುಚ್ಚಿ ಬಿಳಿ ಬಟ್ಟೆಯ ಪುಟ್ಟ ಗಂಟು, ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿದ್ದ ಸ್ವೀಡಿಷ್ ಹುಡುಗಿ ಇದೇನು ದೇವರ ತಾಯಿತವೇ ಎಂದು ಕುತೂಹಲದಿಂದ ಕೇಳಿದಳು. ಹೌದು ಎಂದಿದ್ದರೆ ಮಗು ಒಳಗೆ ಹೋಗುತ್ತಿತ್ತು. ತನ್ನ ತಾಯಿಯೂ ಹಾವೇರಿಯಲ್ಲಿ ಹೀಗೆಯೇ ಗಂಟು ಕಟ್ಟಿ ಮೂಸಲು ಕೊಡುತ್ತಿದ್ದಳು, ಕಟ್ಟಿದ ಮೂಗು ಬಿಡಲೆಂದು. ನೆಗಡಿ ಇಲ್ಲದ ಮಗುವಿಗೆ ಯಾರೂ ಅದನ್ನು ಕಟ್ಟುವುದಿಲ್ಲ. ಕುಲ್ಸುಂ ಜಿಪ್ ಏರಿಸಿ ಮಗುವನ್ನು ತಾಯಿಯ ಕಡೆಗೆ ತಿರುಗಿಸಿದಳು.

“ಆಂಟಿ, ಪ್ಲೀಸ್, ಇವತ್ತೊಂದಿನ ಅಷ್ಟೆ. ಜ್ವರ ಇಲ್ಲ, ಚೆಕ್ ಮಾಡಿದೀನಿ. ಇವತ್ತು ಆಡಿಟ್ ಇದೆ ನಮ್ಮಲ್ಲಿ.”

“ನನ್ನ ಮನೇಲೂ ಒಬ್ರಿದಾರೆ ದೀಪ್ತಿ. ಅವರಿಗೆ ಬಂದ್ರೆ ನಾನು ಯಾರಿಗೆ ಪ್ಲೀಸ್ ಅನ್ನಲಿ?”

ದೀಪ್ತಿ ಮಗಳ ಟೊಪ್ಪಿಗೆ ಮತ್ತೆ ಕಿವಿಯ ಮೇಲೆಳೆದಳು. ಮಗುವನ್ನು ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೋದಳು. ಅವಳ ಬೆನ್ನು ಮರೆಯಾಗುವವರೆಗೂ ಕುಲ್ಸುಂ ನೋಡುತ್ತಿದ್ದಳು. ಈ ಹುಡುಗಿ ಪ್ರತಿ ರಂಜಾನಿನಲ್ಲೂ ತನ್ನ ಮನೆಗೆ ಬಂದು ಬಿರಿಯಾನಿಯ ಬದಲು ಪಲಾವು ತಿಂದು, ಅಡುಗೆಮನೆಯಲ್ಲಿ ಕೂತು ಸುಹಾಸ್‌ನ ಮೇಲೆ ದೂರು ಹೇಳಿ ಹೋಗುವವಳು. ಆದರೂ ಮರುದಿನ ಮತ್ತೆ ಬಗ್ಗಿದಳು, ಮತ್ತೆ ತಿರುಗಿಸಿದಳು. ನವೆಂಬರಿನಲ್ಲಿ ಮೂರು ಸಲ, ಡಿಸೆಂಬರಿನಲ್ಲಿ ಎರಡು ಸಲ. ಆಮೇಲಾಮೇಲೆ ದೀಪ್ತಿ ಬೇಡಿಕೊಳ್ಳುವುದನ್ನೂ ನಿಲ್ಲಿಸಿದಳು. ತಲೆಯಾಡಿಸಿ ಮಗುವನ್ನು ಕರೆದುಕೊಂಡು ಹೊರಟುಬಿಡುವಳು. ಅಂತೂ ದಾರಿಗೆ ಬಂದಳು, ವಾಬ್ ಮಾಡುತ್ತಿದ್ದಾಳೆ ಎಂದು ಕುಲ್ಸುಂ ಸಮಾಧಾನ ಮಾಡಿಕೊಂಡಳು.

ಆ ಚಳಿಗಾಲ ಬಹಳ ಉದ್ದವಾಗಿತ್ತು. ಮೂರು ಗಂಟೆಗೆ ಕತ್ತಲಾಗುವ ಊರಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುವುದೂ ನಿಂತಿತು. ಸಹೋದ್ಯೋಗಿಗಳಲ್ಲಿ ಅರ್ಧದಷ್ಟು ಜನ ಸದಾ ರಜೆಯ ಮೇಲೆ, ಇದ್ದವರು ಇಬ್ಬಿಬ್ಬರ ಕೆಲಸ ಮಾಡಬೇಕು. ಮಕ್ಕಳನ್ನು ದಿನವಿಡೀ ಹೊರಗೆ ಹಿಮದಲ್ಲಿ ಆಡಿಸಿ ಎಂದು ಆದೇಶ ಬಂದದ್ದರಿಂದ ಅವಳ ಮಂಡಿಗಳು ಊದಿಕೊಂಡಿದ್ದವು. ಕೈಗಳು ತೊಳೆದು ತೊಳೆದು ಬಿರುಕು ಬಿಟ್ಟಿದ್ದವು. ಮನೆಗೆ ಬಂದರೆ ಬಾಲ್ಕನಿಯ ಚಳಿಯಲ್ಲಿ ಬಟ್ಟೆ ಬಿಚ್ಚುವ ಶಾಸ್ತ್ರ. ಕೆಲವು ಸಂಜೆ ಅವಳು ತಟ್ಟೆ ಇಟ್ಟು, ಬಾಗಿಲು ತಟ್ಟಿ, ಸಂಖ್ಯೆ ಬರೆದುಕೊಂಡು, ತಾನು ಊಟ ಮಾಡಿದೆನೋ ಇಲ್ಲವೋ ಎಂಬುದು ನೆನಪಾಗದೆ ಹಾಗೆಯೇ ಸೋಫಾದ ಮೇಲೆ ಮಲಗಿಬಿಡುತ್ತಿದ್ದಳು. ಲಸಿಕೆ ಬಂದಿದೆ ಎಂದರು, ಆದರೆ ಹಮೀದ್‌ನ ವಯಸ್ಸಿನವರ ಸರದಿ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಕಾಯಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಅವಳಿಗೆ ದಣಿವಾಗಿತ್ತು, ಒಂದು ದಿನದ ನಿದ್ದೆಯಿಂದ ಹೋಗುವ ದಣಿವಲ್ಲ.

ಒಂದು ಮಾತ್ರ ಸಂತೋಷದ ಸಂಗತಿ. ಬೇಸಿಗೆಯಲ್ಲಿ ಬಾಡಿಹೋಗಿದ್ದ ಹಮೀದ್ ನವೆಂಬರಿನಿಂದೀಚೆಗೆ ಚೇತರಿಸಿಕೊಂಡಿದ್ದ. ಸಕ್ಕರೆ ಹತೋಟಿಗೆ ಬಂದಿತ್ತು. ತಟ್ಟೆಯಲ್ಲಿ ಒಂದಗುಳೂ ಉಳಿಯುತ್ತಿರಲಿಲ್ಲ. ಕೋಣೆಯೊಳಗಿನಿಂದ ಸಿಳ್ಳೆ ಕೇಳಿಸುತ್ತಿತ್ತು. ಕೆಲವು ದಿನ ಅವಳು ಬರುವಷ್ಟರಲ್ಲಿ ಹಾಲಿನ ನೆಲವನ್ನೆಲ್ಲ ಒರೆಸಿ, ಕುರ್ಚಿಯ ಕಾಲುಗಳವರೆಗೂ ಔಷಧಿ ನೀರು ಸಿಂಪಡಿಸಿ ಇಟ್ಟಿರುತ್ತಿದ್ದ. ಕೊನೆಗೂ ಈ ಮನುಷ್ಯನಿಗೆ ಬುದ್ಧಿ ಬಂತು, ತನ್ನ ಕಾನೂನು ಫಲ ಕೊಟ್ಟಿತು ಎಂದು ಅವಳು ರೂಹಿಗೆ ಫೋನಿನಲ್ಲಿ ಹೇಳಿ ಹೆಮ್ಮೆಪಟ್ಟಳು. ಆ ಕಡೆಯಿಂದ ರೂಹಿ ಅವಸರದಲ್ಲಿ, ಒಳ್ಳೆಯದೇ ಆಯಿತಲ್ಲ ಅಮ್ಮೀ ಎಂದಳು.

ಜನವರಿಯ ಮೂರನೆಯ ವಾರ ಡಾಗಿಸ್‌ನ ಒಬ್ಬ ಸಹೋದ್ಯೋಗಿಗೆ ರೋಗ ಬಂದಿರುವುದು ಖಚಿತವಾಯಿತು. ಅದಾದ ಮೂರನೆಯ ದಿನ, ಬೆಳಗ್ಗೆ ನೈನಾಳ ಮೂಗಿನಿಂದ ಎರಡು ಧಾರೆ ಕಣ್ಣಿಗೇ ಕಾಣುವಂತೆ ಇಳಿಯುತ್ತಿತ್ತು. ಕುಲ್ಸುಂ ಬಗ್ಗುವ ಗೋಜಿಗೂ ಹೋಗದೆ ಕೈಯಾಡಿಸಿ ವಾಪಸು ಕಳಿಸಿದಳು. ಒಂಬತ್ತು ಗಂಟೆಗೆ ಫೀಕಾ, ಎಂದರೆ ಕೆಲಸದ ನಡುವಿನ ಕಾಫಿ. ಲೋಟ ಬಾಯಿಗಿಟ್ಟರೆ ಬಿಸಿನೀರು ಕುಡಿದ ಹಾಗಾಯಿತು. ಯಾರು ಇಷ್ಟು ತೆಳ್ಳಗೆ ಮಾಡಿದ್ದು ಎಂದು ಕೇಳಿದಳು. ಎಂದಿನಂತೆಯೇ ಇದೆಯಲ್ಲ ಎಂದರು. ಲೋಟವನ್ನು ಮೂಗಿನ ಹತ್ತಿರ ತಂದಳು, ಏನೂ ಇಲ್ಲ. ಬಟ್ಟಲಿನಲ್ಲಿದ್ದ ಕಿತ್ತಳೆಯ ಸಿಪ್ಪೆ ಹಿಚುಕಿ ಮೂಸಿದಳು, ಅದೂ ಇಲ್ಲ. ಮುಖ್ಯಸ್ಥೆ ದೂರದಿಂದಲೇ, ಮನೆಗೆ ಹೊರಡು ಕುಲ್ಸುಂ ಎಂದಳು. ಬಸ್ ಹತ್ತಲು ಅವಳಿಗೆ ಮನಸ್ಸಾಗಲಿಲ್ಲ. ಮೂರು ಕಿಲೋಮೀಟರ್ ಹಿಮದಲ್ಲಿ ನಡೆದುಕೊಂಡೇ ಹೋದಳು. ಮೊನ್ನೆಯ ತಟ್ಟೆ ಮುಟ್ಟಿದ್ದು ಯಾವಾಗ, ನಿನ್ನೆಯ ನೀರಿನ ಲೋಟ ತೊಳೆದದ್ದು ಯಾವಾಗ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಅಳುತ್ತಿದ್ದಳು.

ಬಾಗಿಲು ತೆರೆದವನು ಹಮೀದ್. ಅವನ ಹಿಂದೆ ಹಾಲಿನ ನೆಲದ ಮೇಲೆ ಹೊಟ್ಟೆ ಅಡಿಮಾಡಿ ಮಲಗಿ, ಕಾರ್ಖಾನೆಯ ಹಳೆಯ ನಕ್ಷೆಗಳ ಹಿಂಬದಿಯಲ್ಲಿ ಬಣ್ಣ ಬಳಿಯುತ್ತಾ, ಮೂಗು ಸುರಿಸುತ್ತಾ ನೈನಾ.

ಕುಲ್ಸುಂ ಮೆಟ್ಟಿಲ ಬಳಿಯೇ ನಿಂತಳು. ಏನು ನಡೆದಿದೆ ಎಂಬುದು ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೇಟಿನಿಂದ ತಿರುಗಿಸಿದ ಮಗು ಇಷ್ಟು ದಿನವೂ ನೇರ ಇಲ್ಲಿಗೇ ಬರುತ್ತಿತ್ತು. ಯಾವ ಮೂಗಿನಿಂದ ಹಮೀದ್‌ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳೋ ಆ ಮೂಗನ್ನು ತಾನೇ ತನ್ನ ಮನೆಗೆ ಕಳಿಸಿಕೊಟ್ಟಿದ್ದಳು. ದೀಪ್ತಿ ನವೆಂಬರಿನಲ್ಲಿ, ನೆಗಡಿ ಮಗುವನ್ನು ನೋಡಿಕೊಳ್ಳುವವರು ಯಾರಾದರೂ ಗೊತ್ತೇ ಎಂದು ಮನೆಗೆ ಫೋನ್ ಮಾಡಿದ್ದಳಂತೆ. ಇಲ್ಲಿಗೇ ಕರೆದುಕೊಂಡು ಬಾ ಎಂದನಂತೆ ಹಮೀದ್. ಅವಳು ಒಪ್ಪಲಿಲ್ಲ, ಎರಡು ದಿನ ಅತ್ತಳಂತೆ, ಮೂರನೆಯ ದಿನ ದಾರಿ ಕಾಣದೆ ಬಂದಳಂತೆ. ರೂಹಿಗೂ ಗೊತ್ತಿತ್ತು. ಇದನ್ನೆಲ್ಲ ಹಮೀದ್ ಹೊಸ್ತಿಲಲ್ಲಿ ನಿಂತೇ ಹೇಳಿದ, ತಪ್ಪು ಮಾಡಿದವನ ದನಿಯೂ ಅದಾಗಿರಲಿಲ್ಲ. ಕುಲ್ಸುಂಗೆ ಮೈಯೆಲ್ಲ ಉರಿಯಿತು. ಸಿಟ್ಟು ಯಾವುದು, ಜ್ವರ ಯಾವುದು ಎಂದು ಅವಳಿಗೇ ತಿಳಿಯಲಿಲ್ಲ.

“ಈ ಕೂಸನ್ನ ಗೇಟಿನ್ಯಾಗಿಂದ ಹೊಳ್ಳಿ ಕಳಿಸಿದ್ದು ಯಾರ ಸಲುವಾಗಿ ಅಂತ ತಿಳದೀರಿ?”

“ನನ್ನ ಸಲುವಾಗಿ. ಗೊತ್ತೈತಿ ನನಗ.” ಹಮೀದ್ ಬಾಗಿಲ ಚೌಕಟ್ಟಿಗೆ ಒರಗಿದ. “ಹತ್ತ ತಿಂಗಳಾತು ಕುಲ್ಸುಂ, ನೀ ನನ್ನ ಜಡ್ಡಿನ ಜೋಡಿ ಮಾತಾಡಾಕತ್ತಿ. ನನ್ನ ಜೋಡಿ ಅಲ್ಲ. ಈ ಕೂಸು ಬಂತಂದ್ರ ಲಾರಿ ಚಿತ್ರ ತಗಿ ಅಂತೈತಿ. ಸಕ್ಕರಿ ಎಷ್ಟೈತಿ ಅಂತ ಕೇಳೂದಿಲ್ಲ.”

ಅವಳು ಒಂದು ಮೆಟ್ಟಿಲು ಹಿಂದೆ ಸರಿದಳು. ವಾಸನೆ ಹೋಗಿದೆ, ನನಗೆ ಬಂದಿದೆ, ಒಳಗೆ ಸರಿಯಿರಿ ಎಂದಷ್ಟೇ ಹೇಳಿದಳು. ಹಮೀದ್‌ನ ಮುಖ ಬಿಳಿಚಿಕೊಂಡಿತು, ತನಗಾಗಿ ಅಲ್ಲ.

ಹಮೀದ್ ಫೋನ್ ಮಾಡಿದ, ದೀಪ್ತಿ ಅರ್ಧ ಗಂಟೆಯಲ್ಲಿ ಓಡಿಬಂದಳು. ಮೆಟ್ಟಿಲ ಕೆಳಗೆ ನಿಂತು ಕ್ಷಮೆ ಕೇಳುತ್ತಾ ಬಿಕ್ಕಿದಳು. ಬಯ್ಯಲು ಕುಲ್ಸುಂಗೆ ತ್ರಾಣವಿರಲಿಲ್ಲ. ಮಗುವಿಗೆ ಗಂಜಿ ಕೊಡು, ನಾಳೆಯಿಂದ ರಜೆ ಹಾಕು ಎಂದಳು. ದೀಪ್ತಿ ಈ ಸಲ ಧೈರ್ಯ ಮಾಡಿ ಕಾರ್ಖಾನೆಯ ಕಚೇರಿಯಲ್ಲಿ ಕೇಳಿದಳು. ಮಗುವಿಗಾಗಿ ಹಾಕಿದ ರಜೆಗೂ ಪರವಾನಗಿಗೂ ಸಂಬಂಧವಿಲ್ಲ, ಇಷ್ಟು ದಿನ ಏಕೆ ಹಾಕಲಿಲ್ಲ ಎಂದು ಅವರೇ ಬೆರಗಾದರಂತೆ. ಹದಿನೈದು ದಿನ ಅವಳು ಮಗಳ ಜೊತೆ ಮನೆಯಲ್ಲಿದ್ದಳು. ನೈನಾಳದ್ದು ಬರೀ ನೆಗಡಿ ಎಂದು ಪರೀಕ್ಷೆಯಲ್ಲಿ ಬಂತು.

ಕುಲ್ಸುಂಳ ಪರೀಕ್ಷೆಯಲ್ಲಿ ರೋಗವಿದೆ ಎಂದು ಬಂತು. ಈಗ ಮಲಗುವ ಕೋಣೆ ಅವಳಿಗೆ, ಹಾಲಿನ ಸೋಫಾ ಹಮೀದ್‌ಗೆ. ಮೊದಲ ಮೂರು ದಿನ ಜ್ವರದಲ್ಲಿ ಕಳೆದವು. ನಾಲ್ಕನೆಯ ದಿನ ಕಣ್ಣು ಬಿಟ್ಟು ಆ ಕೋಣೆಯನ್ನು ನೋಡಿದಳು. ಒಂದು ಕಿಟಕಿ, ಅದರಾಚೆ ಕಾರು ನಿಲ್ಲಿಸುವ ಜಾಗ, ಹಿಮ ತಳ್ಳುವ ಒಂದು ಯಂತ್ರ. ನೋಡುವುದಕ್ಕೆ ಅಷ್ಟೇ ಇದ್ದದ್ದು. ಹತ್ತು ತಿಂಗಳು ಈ ಮನುಷ್ಯ ಇದನ್ನೇ ನೋಡುತ್ತಿದ್ದ. ಹಾಸಿಗೆಯ ಪಕ್ಕದ ಗೋಡೆಯಲ್ಲಿ ಅವನ ತಲೆ ಒರಗಿ ಒರಗಿ ಎಣ್ಣೆಯ ಕಲೆಯಾಗಿತ್ತು. ಕುಲ್ಸುಂ ಆ ಕಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು.

ಹಮೀದ್ ದಿನವೂ ಎರಡು ಹೊತ್ತು ತಟ್ಟೆ ತಂದು ಬಾಗಿಲ ಬಳಿ ಇಡುತ್ತಿದ್ದ. ಅವನು ಮಾಡಿದ ಉಪ್ಪಿಟ್ಟಿನಲ್ಲಿ ಉಪ್ಪೇ ಇರುತ್ತಿರಲಿಲ್ಲವೋ, ಅವಳ ನಾಲಿಗೆಗೆ ತಿಳಿಯುತ್ತಿರಲಿಲ್ಲವೋ. ಇಟ್ಟು ಸರಿದು ಹೋಗುವ ಬದಲು ಅವನು ಅಡುಗೆಮನೆಯಿಂದ ಒಂದು ಕುರ್ಚಿ ಎಳೆದು ತಂದು ಬಾಗಿಲಿಗೆ ಮಾರು ದೂರದಲ್ಲಿ ಹಾಕಿಕೊಂಡು ಕೂರುತ್ತಿದ್ದ. ಜ್ವರ ಎಷ್ಟು ಎಂದು ಕೇಳುತ್ತಿರಲಿಲ್ಲ. ಎದುರು ಮನೆಯ ಮುದುಕಿ ಹಿಮದಲ್ಲಿ ನಾಯಿಗೆ ಬೂಟು ಹಾಕಿ ನಡೆಸಿದ್ದು, ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ತಾನು ಮೊದಲ ನಕ್ಷೆಯನ್ನೇ ತಲೆಕೆಳಗು ಬರೆದು ಬೈಸಿಕೊಂಡದ್ದು, ನೈನಾ ಲಾರಿಗೆ ಕಿವಿ ಬೇಕೆಂದು ಹಟ ಹಿಡಿದದ್ದು, ಹೀಗೆ ಒಂದಾದ ಮೇಲೊಂದು ಹೇಳುತ್ತಿದ್ದ. ಕೆಲವನ್ನು ಅವಳು ಮೂವತ್ತು ವರ್ಷದಿಂದ ಕೇಳಿದ್ದಳು. ಮುಸುಕಿನೊಳಗೆ ಮಲಗಿ ಕೇಳುತ್ತಾ ಅವಳಿಗೆ ಒಂದು ಮಾತು ಹೊಳೆಯಿತು. ತಾನು ಆ ಬಾಗಿಲಿಗೆ ದಿನಕ್ಕೆ ಮೂರು ಸಲದಂತೆ ಹತ್ತು ತಿಂಗಳು ಹೋಗಿದ್ದಳು. ಒಂದು ಕುರ್ಚಿ ಹಾಕಿಕೊಳ್ಳಬಹುದೆಂದು ಒಮ್ಮೆಯೂ ತೋಚಿರಲಿಲ್ಲ. ಯಾವ ಸರ್ಕಾರವೂ ಕುರ್ಚಿಯನ್ನು ಬೇಡವೆಂದಿರಲಿಲ್ಲ.

ಹಮೀದ್ ಉಳಿದ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಓದುವವರ ಜೀವ ಹಿಡಿದಿಟ್ಟು ಆಟವಾಡಿಸುವುದು ನನ್ನಿಂದಾಗದು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ, ನೋಡಲು ಯಾರನ್ನೂ ಬಿಡಲಿಲ್ಲ, ಒಂಬತ್ತು ಕಿಲೋ ಇಳಿದು ಕೋಲು ಹಿಡಿದು ಮನೆಗೆ ಬಂದ. ಆದರೆ ಕುಲ್ಸುಂಳ ಎಂಟನೆಯ ದಿನದ ಸಂಜೆ ಇದು ಯಾರಿಗೂ ಗೊತ್ತಿರಲಿಲ್ಲ.

ಆ ಸಂಜೆ ತಟ್ಟೆ ಬಂತು, ಕುರ್ಚಿ ಎಳೆದ ಸದ್ದು ಬರಲಿಲ್ಲ. ಅವಳು ಕಾದಳು. ಕೊನೆಗೆ ರೀ ಎಂದು ಕರೆದಳು. ಹಾಲಿನ ಆ ತುದಿಯಿಂದ ಅವನ ದನಿ ಬಂತು.

“ಇವತ್ತ ನಾ ಇಲ್ಲೇ ಕುಂತೀನಿ. ಗಂಟಲ ಸ್ವಲ್ಪ ಕೆರಿಯಾಕತ್ತೈತಿ.”

ಕುಲ್ಸುಂ ಹಾಸಿಗೆಯ ಅಂಚಿನಲ್ಲಿ ಹಾಗೆಯೇ ಕೂತಳು. ತನ್ನಿಂದಲೇ ಹೋಗಿದೆ. ಯಾವ ಮಗುವಿನಿಂದಲೂ ಅಲ್ಲ, ದೀಪ್ತಿಯಿಂದ ಅಲ್ಲ, ತಾನೇ ಹೊತ್ತು ತಂದು ಕೊಟ್ಟಿದ್ದಾಳೆ. ಅವಳು ಹತ್ತು ತಿಂಗಳು ಯಾವುದಕ್ಕೆ ಹೆದರಿದ್ದಳೋ ಅದು ಬಂದಾಗಿತ್ತು. ಬಂದ ಮೇಲೆ ಈ ಬಾಗಿಲು ಯಾರನ್ನು ಯಾರಿಂದ ಕಾಯಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಎದ್ದಳು. ಬಾಗಿಲು ತೆರೆದು, ತಟ್ಟೆ ದಾಟಿ, ಮಾಸ್ಕ್ ಇಲ್ಲದ ಮುಖದಲ್ಲಿ ಹಾಲಿಗೆ ಬಂದು ಸೋಫಾದ ಮೇಲೆ ಅವನ ಪಕ್ಕ ಕೂತಳು. ಇಬ್ಬರ ಭುಜ ತಾಗಿತು.

ಅವಳು ಆಮ್ಲಜನಕ ನೋಡಲು ಬಂದಿದ್ದಾಳೆಂದುಕೊಂಡ ಹಮೀದ್, ಮಾಪಕ ಸಿಕ್ಕಿಸಲೆಂದು ತೋರುಬೆರಳು ಚಾಚಿದ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಚಾಚಿದ ಬೆರಳನ್ನು ಮಡಿಸಿ ಇಡೀ ಕೈಯನ್ನು ತನ್ನೆರಡು ಕೈಯೊಳಗೆ ತೆಗೆದುಕೊಂಡಳು. ಅವನ ಕೈ ಬಿಸಿಯಿತ್ತು. ಎಷ್ಟು ಬಿಸಿ ಎಂದು ಅವಳು ಕೇಳಲಿಲ್ಲ.

“ಲಾರಿಗೆ ಕಿವಿ ಹೆಂಗ ತಗದ್ರಿ?” ಎಂದಳು.

ಹಮೀದ್ ಹೇಳಲು ಶುರುಮಾಡಿದ. ನಡುವೆ ಎರಡು ಸಲ ಕೆಮ್ಮಿದ. ಅವಳು ಎದ್ದು ಹೋಗಲಿಲ್ಲ.